ಹುಲಿಗವ್ವ ತೊಳೆಯದೆ ಬಿಟ್ಟ ಕಂಬಳಿ

ಹುಲಿಗವ್ವನಿಗೆ ಈ ಲೋಕದಲ್ಲಿ ಹೇಸಿಗೆಯಾಗದ ವಸ್ತುವೇ ಕಡಿಮೆ. ಪಕ್ಕದ ಮನೆಯವರು ಕೊಟ್ಟ ಮಜ್ಜಿಗೆಯಲ್ಲಿ ಒಂದು ಕೂದಲು ಕಂಡರೆ ಸಾಕು, ವಾರಗಟ್ಟಲೆ ಆ ಮನೆಯ ಕಡೆ ಮುಖ ಹಾಕುತ್ತಿರಲಿಲ್ಲ. ಬಸ್ಸಿನಲ್ಲಿ ಮುಂದಿನ ಸೀಟಿನವನು ಎಲೆ ಅಡಿಕೆ ಉಗುಳಲು ಕಿಟಕಿಯಿಂದ ತಲೆ ಹೊರಗೆ ಹಾಕಿದನೆಂದು, ಊರು ಬರುವ ಮೊದಲೇ ಇಳಿದು ಬಿಸಿಲಲ್ಲಿ ನಡೆದು ಮನೆ ಸೇರಿದ್ದೂ ಉಂಟು. ಆದರೆ ಇವೆಲ್ಲ ಚಿಲ್ಲರೆ ಹೇಸಿಗೆಗಳು. ದೊಡ್ಡ ಹೇಸಿಗೆ ಒಂದೇ, ಅದು ಉಣ್ಣಿ. ಕುರಿ, ಎಮ್ಮೆ, ನಾಯಿ ಯಾವುದಾದರೂ ಆಗಬಹುದು ಅದಕ್ಕೆ. ಮೈಗೆ ಕಚ್ಚಿಕೊಂಡು ರಕ್ತ ಕುಡಿದು ಊದುವ ದರಿದ್ರ ಹುಳ. ಅದರ ಹೆಸರು ತೆಗೆದರೂ ಆಕೆ ಸೆರಗಿನಿಂದ ಬಾಯಿ ಒರೆಸಿಕೊಳ್ಳುತ್ತಿದ್ದಳು.

ಹುಟ್ಟಿದ್ದು ಹುಲಿಗಿಯಲ್ಲಿ, ಹೊಳೆಯ ದಂಡೆಗೆ. ಅಲ್ಲಿ ಮನೆಗೊಬ್ಬಳಿಗಾದರೂ ಊರ ದೇವಿಯ ಹೆಸರೇ. ಮನಸ್ಸು ಬಂದಾಗಲೆಲ್ಲ ನೀರಿಗಿಳಿದು ಮೈ ತಿಕ್ಕಿಕೊಂಡು ಬೆಳೆದ ಹುಡುಗಿ. ಚಿಕ್ಕವಳಿದ್ದಾಗ ಒಮ್ಮೆ ಎಮ್ಮೆಯ ಪಕ್ಕದಲ್ಲಿ ನಿದ್ದೆ ಹೋದಳು, ಕಿವಿಯೊಳಗೆ ಉಣ್ಣಿ ಹೊಕ್ಕಿತು. ಕಿವಿ ನೋವೆಂದು ಅಳುತ್ತಿದ್ದವಳಿಗೆ ಮೊದಲು ದೃಷ್ಟಿ ತೆಗೆದರು, ಆಮೇಲೆ ಬೈದರು, ಕೊನೆಗೆ ಅಜ್ಜಿ ಬೆಚ್ಚಗಿನ ಎಣ್ಣೆ ಬಿಟ್ಟಳು. ಹೊರಗೆ ಬಂದದ್ದು ಔಡಲ ಬೀಜದಷ್ಟು ದಪ್ಪ, ಬೂದಿ ಬಣ್ಣ. ಕಾಲುಗಳು ಇನ್ನೂ ಆಡುತ್ತಿದ್ದವು. ಅಜ್ಜಿ ಅದನ್ನು ಕಲ್ಲಿನ ಮೇಲಿಟ್ಟು ಜಜ್ಜಿದಾಗ ಚಿಮ್ಮಿದ ರಕ್ತ ತನ್ನದೇ ಎಂದು ತಿಳಿದು ಹುಡುಗಿ ಅಲ್ಲೇ ಕಾರಿಕೊಂಡಳು. ತನ್ನ ಕಿವಿಯಲ್ಲಿ ಕೂತು ತನ್ನನ್ನೇ ಕುಡಿದು ಒಂದು ಹುಳ ದಪ್ಪಗಾಯಿತಲ್ಲ ಎಂಬುದನ್ನು ಆಕೆ ಜನ್ಮದಲ್ಲಿ ಮರೆಯಲಿಲ್ಲ.

ಇಂಥವಳನ್ನು ಹಣೆಬರಹ ತಂದು ಹಾಕಿದ್ದು ಎಲ್ಲಿಗೆ? ಕುರಿ ಕಾಯುವವನ ಮನೆಗೆ. ಕೊಪ್ಪಳ ಜಿಲ್ಲೆಯಾದ ವರ್ಷ, ಅಂದರೆ ತೊಂಬತ್ತೇಳರಲ್ಲಿ, ಯಲಬುರ್ಗಾ ಸೀಮೆಯ ಒಂದು ಸಣ್ಣ ಊರಿನ ಹನಮಪ್ಪನಿಗೆ ಅವಳನ್ನು ಕೊಟ್ಟರು. ಸುತ್ತ ಎರೆಹೊಲ, ಊರಿಗೆ ಒಂದು ಬೋರು, ಕೊಡ ತುಂಬಬೇಕಾದರೆ ಪಾಳಿ. ಹನಮಪ್ಪ ಮಾತು ಕಡಿಮೆಯ, ಉದ್ದನೆಯ ಕಾಲಿನ ಮನುಷ್ಯ. ಬೆಳಗ್ಗೆ ಹಿಂಡು ಹೊಡೆದುಕೊಂಡು ಹೋದನೆಂದರೆ ಹೊತ್ತು ಮುಳುಗುವ ತನಕ ನಡೆಯುತ್ತಲೇ ಇರುವವನು. ನಡೆಯುವುದೇ ಅವನ ಕಸುಬು, ಅದರಲ್ಲೇ ಅವನ ಸುಖ.

ಮದುವೆಯಾದ ಹೊಸದರಲ್ಲೇ ಒಂದು ಸಂಜೆ ಅವನು ದೊಡ್ಡಿಯಿಂದ ಬಂದು ನಗುತ್ತಾ ಹೆಂಡತಿಯ ಪಕ್ಕ ಕುಳಿತ. ಹುಲಿಗವ್ವ ನಾಚಿಕೊಂಡು ತಲೆಯೆತ್ತಿದಳು. ಅವನ ಕುತ್ತಿಗೆಯ ಮಡಿಕೆಯಲ್ಲಿ ಒಂದು ಉಣ್ಣಿ ಕಚ್ಚಿಕೊಂಡು ಕುಳಿತಿತ್ತು. ಆಕೆ ಕೂಗಲಿಲ್ಲ, ಬೈಯಲಿಲ್ಲ. ಬರೀ ಮುಖ ಮಾಡಿದಳು. ತುಟಿ ಕೊಂಕಿಸಿ, ಮೂಗು ಸೊಟ್ಟ ಮಾಡಿ, ಸತ್ತ ನಾಯಿಯನ್ನು ನೋಡಿದ ಹಾಗೆ ನೋಡಿ ಹಿಂದಕ್ಕೆ ಸರಿದಳು. ಹನಮಪ್ಪನ ನಗು ಅರ್ಧಕ್ಕೇ ನಿಂತಿತು. ಅವತ್ತು ಅವನು ಕುರಿಗಳ ಜೊತೆ ದೊಡ್ಡಿಯಲ್ಲೇ ಮಲಗಿದ. ಇದನ್ನು ಊರು ವರ್ಷಾನುಗಟ್ಟಲೆ ಆಡಿಕೊಂಡು ನಕ್ಕಿತು, ಹನಮಪ್ಪನೂ ಜೊತೆಗೆ ನಕ್ಕ. ಆದರೆ ಅಂದಿನಿಂದ ಅವನ ಮೈಮೇಲೆ ಹುಲಿಗವ್ವ ಒಂದೇ ಒಂದು ಉಣ್ಣಿ ಕಾಣಲಿಲ್ಲ. ಗಂಡನನ್ನು ತಿದ್ದಿದೆ ಎಂದು ಆಕೆ ಬೀಗಿದಳು.

ಆಮೇಲೆ ಶುರುವಾಯಿತು ನೋಡಿ ತೊಳೆಯುವ ಕಾರುಬಾರು. ಅಂಗಳ, ಕಟ್ಟೆ, ಪಾತ್ರೆ, ಹಾಸಿಗೆ, ಕೊನೆಗೆ ಕುರಿಗಳು. ಬೇವಿನ ಸೊಪ್ಪು, ತಂಬಾಕು ಕುದಿಸಿದ ನೀರಿನಲ್ಲಿ ಕುರಿಗಳನ್ನು ಒಂದೊಂದಾಗಿ ಹಿಡಿದು ಮೀಯಿಸುತ್ತಿದ್ದಳು. ಊರ ಹೆಂಗಸರಿಗೆ ಇದಕ್ಕಿಂತ ಒಳ್ಳೆಯ ನಗೆಯ ಸರಕು ಸಿಗಬೇಕೆ? ಬೋರು ಬತ್ತಿದ್ದು ಮಳೆ ಇಲ್ಲದ್ದಕ್ಕಲ್ಲ, ಹುಲಿಗವ್ವ ಸೊಸೆಯಾಗಿ ಬಂದದ್ದಕ್ಕೆ ಎಂದರು. ತೊಳೆಯೋ ಹುಲಿಗವ್ವ ಎಂದೇ ಹೆಸರು ಬಿತ್ತು. ಆಕೆ ಕೇರ್ ಮಾಡಲಿಲ್ಲ. ಪ್ರತಿ ಅಮಾವಾಸ್ಯೆಯ ಮುಂಚೆ ಅಂಗಳದಲ್ಲಿ ಗಂಡನ ಕರಿ ಕಂಬಳಿ ಹಾಸಿ, ಅದರ ಮೇಲೆ ಕುಳಿತು, ಕುರಿಯ ತಲೆಯನ್ನು ತೊಡೆಗೆ ಒತ್ತಿ ಹಿಡಿದು, ಕಿವಿಯ ಒಳಗೆ, ಬಾಲದ ಬುಡದಲ್ಲಿ, ತೊಡೆಯ ಸಂದಿಯಲ್ಲಿ ಹುಡುಕುತ್ತಿದ್ದಳು. ಬೆರಳಿಗೆ ಬಟ್ಟೆ ಸುತ್ತಿಕೊಂಡು ಕಿತ್ತು, ಸೀಮೆಎಣ್ಣೆ ತುಂಬಿದ ಡಬ್ಬಿಗೆ ಎಸೆಯುತ್ತಿದ್ದಳು. ಕೆಲವು ಡಬ್ಬಿಗೆ ಬೀಳುತ್ತಿದ್ದವು, ಕೆಲವು ಆಚೀಚೆ ಉರುಳುತ್ತಿದ್ದವು. ಕೆಲಸ ಮುಗಿದ ಮೇಲೆ ಕಂಬಳಿಯನ್ನು ಒಮ್ಮೆ ಝಾಡಿಸಿ ಗೂಟಕ್ಕೆ ಹಾಕುವುದು. ಸಂಜೆ ಅದನ್ನೇ ಗಂಡ ಹೊದ್ದುಕೊಳ್ಳುವುದು.

ಆ ಕಂಬಳಿಯನ್ನು ಮಾತ್ರ ಯಾರೂ ತೊಳೆಯುತ್ತಿರಲಿಲ್ಲ. ಕುರಿಯವರ ಮನೆಯಲ್ಲಿ ಕಂಬಳಿಯೆಂದರೆ ಹೊದಿಕೆಯಷ್ಟೇ ಅಲ್ಲ. ದೇವರನ್ನು ಕೂಡಿಸುವುದು ಕಂಬಳಿಯ ಮೇಲೆ, ಮದುಮಕ್ಕಳನ್ನು ಕೂಡಿಸುವುದು ಕಂಬಳಿಯ ಮೇಲೆ, ಪಂಚರು ಕುಳಿತು ನ್ಯಾಯ ಹೇಳುವುದೂ ಕಂಬಳಿಯ ಮೇಲೆ. ಬಂದ ಹೊಸದರಲ್ಲಿ ಹುಲಿಗವ್ವ ಅದನ್ನೂ ಹಂಡೆಗೆ ಹಾಕಲು ಹೋದಾಗ ಅತ್ತೆ ಬಸವಣ್ಣೆಮ್ಮ ಕೈ ಹಿಡಿದಿದ್ದಳು.

"ಕಂಬಳಿಗಿ ಮೈಲಿಗಿ ಇಲ್ಲ ಯವ್ವಾ. ಅದು ಹುಟ್ಟಿದಾಗಿಂದನ ಮಡಿ."

ಹುಲಿಗವ್ವ ವಾದ ಹೂಡಲಿಲ್ಲ. ಅವಳ ತವರಿನಲ್ಲೂ ಇದೇ ಮಾತು, ತಾಯಿಯ ಹಾಲಿನ ಜೊತೆ ಕುಡಿದದ್ದು. ಹಾಸಿಗೆಯ ಅರಿವೆಯ ಮೇಲೆ ಒಂದು ಕಲೆ ಕಂಡರೆ ಮುಖ ಕಿವುಚುವವಳು, ಹದಿನೇಳು ವರ್ಷ ಹಂಡೆ ಕಾಣದ, ಕುರಿಯ ಹಿಕ್ಕೆ, ಬೀಡಿ, ಬೆವರು ಎಲ್ಲ ಸೇರಿ ನಾರುವ ಆ ಕಂಬಳಿಯ ಮೇಲೆ ಕುಳಿತು ರೊಟ್ಟಿ ತಿಂದಳು. ದೀಪದ ಬುಡದಲ್ಲಿ ಕತ್ತಲು ಎಂದು ಸುಮ್ಮನೆ ಹೇಳಿದ್ದಾರೆಯೇ?

ಎರಡು ಸಾವಿರದ ಹದಿನಾಲ್ಕರ ದಸರೆಯ ಹೊತ್ತಿಗೆ ಹನಮಪ್ಪ ಒಂದು ಬೆಳಗ್ಗೆ ಬಾಯಿ ಮುಕ್ಕಳಿಸಲು ಹೋದರೆ ನೀರು ಒಂದು ಕಡೆಯಿಂದ ಸೋರಿತು. ಎಡಗಣ್ಣು ಮುಚ್ಚುತ್ತಿಲ್ಲ, ಬಾಯಿ ಬಲಕ್ಕೆ ಎಳೆದಿದೆ. ಲಕ್ವಾ ಹೊಡೆದಿದೆ ಎಂದು ಮನೆ ಹೌಹಾರಿತು. ಅದಕ್ಕೂ ಹಿಂದೆ ಶ್ರಾವಣದಿಂದಲೂ ಆಗಾಗ ಜ್ವರ ಬಂದು ಹೋಗುತ್ತಿತ್ತು, ಅದನ್ನು ಯಾರೂ ಲೆಕ್ಕಕ್ಕೆ ಹಿಡಿದಿರಲಿಲ್ಲ. ಲಕ್ವಾಕ್ಕೆ ಪಾರಿವಾಳದ ರಕ್ತವೇ ಮದ್ದೆಂದು ಬಸವಣ್ಣೆಮ್ಮ ಯಾರಿಂದಲೋ ಒಂದನ್ನು ತರಿಸಿದಳು. ಕತ್ತು ಕೊಯ್ದು ಬಿಸಿ ರಕ್ತವನ್ನು ಮಗನ ಕೆನ್ನೆಗೆ ಬಳಿದಳು. ರಕ್ತ ಗಡ್ಡದಲ್ಲಿ ಹೆಪ್ಪುಗಟ್ಟಿ, ನೊಣ ಮುತ್ತಿ, ಎರಡು ಗರಿ ಕೆನ್ನೆಗೆ ಅಂಟಿಕೊಂಡು ಹನಮಪ್ಪ ಜಗಲಿಯ ಮೇಲೆ ಕುಳಿತಿದ್ದ. ಹುಲಿಗವ್ವ ಹಿತ್ತಲಿಗೆ ಹೋಗಿ ಕಾರಿಕೊಂಡು ಬಂದಳು. ಬಂದು ಅತ್ತೆಯ ಕಣ್ಣು ತಪ್ಪಿಸಿ ತೊಳೆದಳು. ಯಲಬುರ್ಗಾದ ಡಾಕ್ಟರು ಮುಖ ತಾನಾಗಿ ಸರಿಹೋಗುತ್ತದೆ ಎಂದು ಇಂಜೆಕ್ಷನ್ ಕೊಟ್ಟು ಕಳಿಸಿದರು. ಮುಖ ಸ್ವಲ್ಪ ಸರಿಯಾಯಿತು ಅನ್ನುವಷ್ಟರಲ್ಲಿ ಬಲ ಮೊಣಕಾಲು ಊದಿತು. ದೀಪಾವಳಿ ಕಳೆಯುವುದರೊಳಗೆ ಎಡದ್ದೂ ಊದಿತು.

ನಡೆಯುವವನು ಕೂತ. ಇದಕ್ಕಿಂತ ಕೆಟ್ಟದ್ದು ಆ ಮನೆಯಲ್ಲಿ ಇನ್ನೇನಿತ್ತು? ಹಿಂಡನ್ನು ತಮ್ಮ ಸಣ್ಣಪ್ಪ ಹೊಡೆದುಕೊಂಡು ಹೋಗುತ್ತಿದ್ದ. ಬೆಳಗ್ಗೆ ಕುರಿಗಳು ಓಣಿ ದಾಟುವಾಗ ಹನಮಪ್ಪ ಬಾಗಿಲ ಕಡೆ ತಿರುಗಿ, ಕೊನೆಯ ಕುರಿಯ ಸದ್ದು ಅಡಗುವ ತನಕ ಕಿವಿಗೊಟ್ಟು ಕೂತಿರುತ್ತಿದ್ದ. ಆಮೇಲೆ ಕಂಬಳಿಯನ್ನು ತಲೆಯ ಮೇಲಕ್ಕೆ ಎಳೆದುಕೊಳ್ಳುತ್ತಿದ್ದ. ಇವನು ಇನ್ನು ಎದ್ದು ಕುರಿಯ ಹಿಂದೆ ಹೋಗುವನೋ ಇಲ್ಲವೋ ಎಂಬುದೊಂದೇ ಯೋಚನೆ ಹುಲಿಗವ್ವನನ್ನು ಹಗಲೂ ರಾತ್ರಿ ತಿನ್ನುತ್ತಿತ್ತು.

ಆ ದಿನಗಳಲ್ಲೇ ಸಣ್ಣಪ್ಪ ಒಂದು ಸುದ್ದಿ ತಂದ. ಯಾರೋ ದೊಡ್ಡ ಡಾಕ್ಟರು ಊರೂರಿಗೆ ಬಂದು ಕುರಿಗಳ ಮೈ ನೋಡುತ್ತಿದ್ದಾರಂತೆ, ಕುಷ್ಟಗಿ ಕಡೆ ಮುಗಿಸಿ ನಾಳಿದ್ದು ನಮ್ಮೂರಿಗೆ ಬರುತ್ತಾರಂತೆ. ಹುಲಿಗವ್ವನಿಗೆ ಮೈಮೇಲೆ ದೇವಿ ಬಂದಂತಾಯಿತು. ಹೊರಗಿನವರು ಬಂದು ಕುರಿಯ ಕಿವಿ ಮಡಿಚಿ ನೋಡಿದಾಗ ಅಲ್ಲಿ ಉಣ್ಣಿ ಕಂಡರೆ ಊರಿನ ಮರ್ಯಾದೆ ಉಳಿದೀತೇ? ಮನೆಗೆ ಬೀಗರು ಬರುವಾಗ ಅಂಗಳ ಗುಡಿಸದೆ ಬಿಡುತ್ತಾರೆಯೇ? ತನ್ನ ಕುರಿಗಳನ್ನಷ್ಟೇ ಅಲ್ಲ, ಓಣಿಯ ಹೆಂಗಸರನ್ನೆಲ್ಲ ಬೈದು, ಛೀಮಾರಿ ಹಾಕಿ ಎಬ್ಬಿಸಿದಳು. ಎರಡು ದಿನ ಊರು ತುಂಬ ಅದೇ ಕೆಲಸ. ತಂಬಾಕಿನ ನೀರು ಕುದಿಯಿತು, ಕಂಬಳಿಗಳು ಹರಡಿದವು, ಡಬ್ಬಿಗಳು ತುಂಬಿದವು. ಜನ್ಮದಲ್ಲಿ ಮೀಯದ ಆಡುಗಳೂ ಮಿಂದವು.

ಬಂದ ಡಾಕ್ಟರು ಒಬ್ಬ ಹುಡುಗಿ. ಹೆಸರು ಅಮೃತಾ, ಕೊಪ್ಪಳದಲ್ಲಿ ಕಾಳುಕಡಿ ವ್ಯಾಪಾರದ ಮನೆತನದವಳು. ಮನುಷ್ಯರ ಡಾಕ್ಟರೇ, ಆದರೆ ಸಂಶೋಧನೆಯೆಂದು ಉಣ್ಣಿಗಳ ಬೆನ್ನು ಹತ್ತಿದ್ದಳು. ಒಂದು ಚೀಲದ ತುಂಬ ಸಣ್ಣ ಬಾಟಲಿ, ಕೈಯಲ್ಲಿ ಚಿಮಟ. ಕುರಿಯ ಮುಂದೆ ಮಂಡಿಯೂರಿ ಕುಳಿತು ಕಿವಿ ನೋಡಿದಳು, ಬಾಲ ಎತ್ತಿದಳು, ತೊಡೆ ಅಗಲಿಸಿದಳು. ಒಂದು ಕುರಿಯಾಯಿತು, ಇನ್ನೊಂದಾಯಿತು, ಇಡೀ ಹಿಂಡಾಯಿತು. ಪಕ್ಕದ ಮನೆಯದಾಯಿತು. ಏನೂ ಇಲ್ಲ. ಹುಲಿಗವ್ವ ಸೊಂಟಕ್ಕೆ ಸೆರಗು ಸಿಕ್ಕಿಸಿ ಪಕ್ಕದಲ್ಲೇ ನಿಂತು, ಈಗ ಹೊಗಳುತ್ತಾಳೆ, ಇನ್ನೇನು ಹೊಗಳುತ್ತಾಳೆ ಎಂದು ಕಾದಳು. ಹುಡುಗಿ ಚಿಮಟ ಕೆಳಗಿಟ್ಟು ಹಣೆ ಹಿಡಿದುಕೊಂಡಳು.

"ಅಕ್ಕಾರ, ನಾ ಬಂದದ್ದ ಉಣ್ಣಿ ಸಲುವಾಗಿ ರೀ. ಕುರಿ ಸಲುವಾಗಿ ಅಲ್ಲ."

ಹುಲಿಗವ್ವನಿಗೆ ತಾನು ಕೇಳಿದ್ದು ಸರಿಯೇ ಎಂದು ಅನುಮಾನವಾಯಿತು. ಓದಿದ ಹುಡುಗಿ, ಒಳ್ಳೆಯ ಮನೆತನ, ತಲೆಗೆ ಎಣ್ಣೆ ಹಚ್ಚಿ ಚೆನ್ನಾಗಿ ಹೆಣೆದುಕೊಂಡಿದ್ದಾಳೆ, ಹುಡುಕಿಕೊಂಡು ಬಂದಿರುವುದು ಉಣ್ಣಿಯನ್ನು! ಇವಳ ತಾಯಿಗೆ ಗೊತ್ತೇ ಇದು? ಆದರೂ ಬಂದವರನ್ನು ಬರಿಗೈಲಿ ಕಳಿಸಬಾರದೆಂದು ಸೀಮೆಎಣ್ಣೆಯ ಡಬ್ಬಿ ತಂದು ಮುಂದಿಟ್ಟಳು. ಕಪ್ಪು ಎಣ್ಣೆಯಲ್ಲಿ ಸತ್ತ ಉಣ್ಣಿಗಳು ನೆನೆದ ಕಡಲೆಯ ಹಾಗೆ ಊದಿ, ಕೆಲವು ಒಡೆದು, ಮೇಲೆ ಒಂದು ಕೆನೆ ಕಟ್ಟಿತ್ತು. ಅಮೃತಾ ಅದರೊಳಗೆ ಚಿಮಟ ಹಾಕಿ ಆಡಿಸಿದಳು. ಹುಲಿಗವ್ವ ಮುಖ ತಿರುಗಿಸಿದಳು. ಇವು ಬರುವುದಿಲ್ಲ, ಜೀವ ಇರುವಂಥವು ಬೇಕು ಎಂದು ಹುಡುಗಿ ಹೇಳಿದಳು.

ಚಹಾ ಕುಡಿಯಲು ಒಳಗೆ ಬಂದಾಗ ಅವಳ ಕಣ್ಣು ಹನಮಪ್ಪನ ಮೇಲೆ ಬಿತ್ತು. ಚಹಾ ಅಲ್ಲೇ ಉಳಿಯಿತು. ಸೊಟ್ಟ ಬಾಯಿ ನೋಡಿದಳು, ಕಣ್ಣು ಮುಚ್ಚಿಸಿ ನೋಡಿದಳು, ಮೊಣಕಾಲು ಒತ್ತಿ ನೋಡಿದಳು. ಆಮೇಲೆ ನಿಧಾನವಾಗಿ ವಿಷಯ ಬಿಡಿಸಿದಳು. ಅಮೇರಿಕದಲ್ಲಿ ಲೈಮ್ ಎಂದು ಒಂದು ಊರು. ಅಲ್ಲಿ ಹಿಂದೊಮ್ಮೆ ಮಕ್ಕಳಿಗೂ ದೊಡ್ಡವರಿಗೂ ಹೀಗೇ ಕೀಲು ಊದುತ್ತಿದ್ದವು. ಹುಡುಕುತ್ತಾ ಹೋದರೆ ಉಣ್ಣಿಯ ಹೊಟ್ಟೆಯೊಳಗೆ ಸ್ಪ್ರಿಂಗಿನಂತೆ ಸುರುಳಿಯಾದ ಒಂದು ರೋಗಾಣು ಸಿಕ್ಕಿತು. ಬೊರೇಲಿಯಾ ಎಂದು ಅದರ ಹೆಸರು. ಉಣ್ಣಿ ಕಚ್ಚಿದಾಗ ಅದು ರಕ್ತಕ್ಕೆ ಇಳಿಯುತ್ತದೆ. ಮೊದಲು ಕಚ್ಚಿದ ಜಾಗದಲ್ಲಿ ಕೆಂಪು ಬಳೆ ಏಳುತ್ತದೆ, ಆಮೇಲೆ ಜ್ವರ, ಆಮೇಲೆ ಮುಖದ ನರ, ಆಮೇಲೆ ಕೀಲು. ಸರಿಯಾದ ಮಾತ್ರೆ ಕೊಟ್ಟರೆ ಹೋಗುತ್ತದೆ, ಬಿಟ್ಟರೆ ಕೀಲಿನಲ್ಲೇ ಮನೆ ಮಾಡುತ್ತದೆ. ಅದು ನಮ್ಮ ಕಡೆ ಇದೆಯೋ ಇಲ್ಲವೋ ಎಂದು ನೋಡುವುದೇ ಅವಳ ಕೆಲಸ. ಅವಳ ಸಂಶೋಧನೆಯ ಮೇಲ್ವಿಚಾರಕ ಗೋವಿಂದರಾಜ ಸರ್ ಮಾತ್ರ ಇಲ್ಲಿ ಅಂಥದ್ದು ಇರಲಾರದು ಎನ್ನುತ್ತಾರೆ. ಉಣ್ಣಿ ಕಚ್ಚಿದ್ದೂ ಗೊತ್ತಿಲ್ಲ, ಕೆಂಪು ಬಳೆಯೂ ಎದ್ದಿಲ್ಲ ಎಂದರೆ ಇದನ್ನು ಬರೀ ಸಂಧಿವಾತ ಎಂದು ನೋವಿನ ಗುಳಿಗೆ ಕೊಟ್ಟು ಕೈತೊಳೆದುಕೊಳ್ಳುತ್ತಾರೆ. ಇಷ್ಟು ಹೇಳಿ ಅವಳು ಹನಮಪ್ಪನ ಮುಖಕ್ಕೆ ಮುಖ ಕೊಟ್ಟು ಕೇಳಿದಳು.

"ಅಣ್ಣಾರ, ನೆನಪ ಮಾಡ್ಕೊಂಡ ಹೇಳ್ರಿ. ನಿಮಗ ಉಣ್ಣಿ ಕಡದಿತ್ತೇನ್ರಿ? ಕಡದಲ್ಲಿ ಬಳಿಯಂಗ ಕೆಂಪಗ ಎದ್ದಿತ್ತೇನ್ರಿ?"

ಹನಮಪ್ಪ ಡಾಕ್ಟರನ್ನು ನೋಡಲಿಲ್ಲ. ಬಾಗಿಲಲ್ಲಿ ನಿಂತ ಹೆಂಡತಿಯ ಮುಖ ನೋಡಿದ.

"ಇಲ್ರಿ. ನಮ್ಮ ಮನ್ಯಾಗ ಉಣ್ಣಿ ಇಲ್ರಿ."

ಹೌದೆಂದು ಹುಲಿಗವ್ವನೂ ಗೋಣು ಆಡಿಸಿದಳು, ಹೆಮ್ಮೆಯಿಂದಲೇ ಆಡಿಸಿದಳು. ಅಮೃತಾ ರಕ್ತ ತೆಗೆದುಕೊಂಡಳು. ಅದೊಂದರಿಂದಲೇ ಏನನ್ನೂ ಗಟ್ಟಿಯಾಗಿ ಹೇಳಲಾಗದು, ಈ ಊರಿನ ಜೀವಂತ ಉಣ್ಣಿ ಸಿಕ್ಕರೆ ಮಾತ್ರ ತನ್ನ ಮಾತಿಗೆ ಬಲ ಎಂದಳು. ಎರಡು ಬಾಟಲಿ ಕೊಟ್ಟು, ಮುಂದಿನ ಸಂತೆಯ ತನಕ ಯಲಬುರ್ಗಾದ ಬಾಡಿಗೆ ಕೋಣೆಯಲ್ಲಿ ಇರುತ್ತೇನೆ, ಸಿಕ್ಕರೆ ತಂದುಕೊಡಿ ಎಂದು ಹೋದಳು.

ಈಗ ನೋಡಿ ದೈವದ ಆಟ. ಉಣ್ಣಿಯ ಹೆಸರು ಕೇಳಿದರೆ ಬಾಯಿ ಒರೆಸಿಕೊಳ್ಳುವವಳು ಬಾಟಲಿ ಹಿಡಿದು ಉಣ್ಣಿ ಭಿಕ್ಷೆಗೆ ಹೊರಟಳು. ಕುರಿಗಳ ಮೈ ಕನ್ನಡಿಯಾಗಿತ್ತು, ಮಾಡಿದ್ದುಣ್ಣೋ ಮಹಾರಾಯ. ಪಕ್ಕದ ಓಣಿಯ ಅಬೇದಾಬಿಯ ಎಮ್ಮೆಯ ಕೆಚ್ಚಲಿನ ಸಂದಿಗೆ ಬಗ್ಗಿ ನೋಡಿದಳು, ಬೀದಿನಾಯಿಯ ಕಿವಿ ಹಿಡಿಯಲು ಹೋಗಿ ಕಚ್ಚಿಸಿಕೊಳ್ಳುವುದರಲ್ಲಿದ್ದಳು. ಮೊನ್ನೆ ಛೀಮಾರಿ ಹಾಕಿಸಿಕೊಂಡ ಹೆಂಗಸರು ಈಗ ಬಡ್ಡಿ ಸಮೇತ ತೀರಿಸಿಕೊಂಡರು. ನಮ್ಮದು ನಿನ್ನ ಮನೆಗಿಂತ ಸ್ವಚ್ಛ ಹುಲಿಗವ್ವಾ, ಬೇರೆ ಕಡೆ ನೋಡು ಎಂದು ಬಾಗಿಲಲ್ಲೇ ನಿಲ್ಲಿಸಿ ಕಳಿಸಿದರು. ಬಾಟಲಿ ಖಾಲಿಯಾಗಿಯೇ ಮನೆಗೆ ಬಂತು. ಅವಮಾನಕ್ಕೂ ಹೇಸಿಗೆಗೂ ಅವಳಿಗೆ ಅಳು ಬಂತು, ಆದರೆ ಅತ್ತೆಯ ಮುಂದೆ ಅಳಲಿಲ್ಲ.

ಹನಮಪ್ಪನಿಗೆ ಮತ್ತೆ ಚಳಿಜ್ವರ ಬಂದಿತ್ತು. ಎಂದಿನಂತೆ ಕಂಬಳಿಯನ್ನು ಗೂಟದಿಂದ ತೆಗೆದು ಅವನ ಕುತ್ತಿಗೆಯ ತನಕ ಹೊದಿಸಿ, ಸುತ್ತಲೂ ಒತ್ತಿ ಮುಚ್ಚಿದಳು. ಬೆಳಗ್ಗೆ ಜ್ವರ ಇಳಿದಿದೆಯೇ ಎಂದು ಕುತ್ತಿಗೆ ಮುಟ್ಟಿದಾಗ ಬೆರಳಿಗೆ ಏನೋ ತಾಗಿತು. ಎಳ್ಳಿನಷ್ಟು ಸಣ್ಣದು, ಕಚ್ಚಿಕೊಂಡಿದೆ. ಹುಲಿಗವ್ವ ಕೈ ಹಿಂದೆಳೆದುಕೊಂಡಳು. ಎಲ್ಲಿಂದ ಬಂತು ಇದು? ಕುರಿಗಳು ಮಿಂದಿವೆ. ನೆಲ ಸಾರಿಸಿದೆ. ಹಾಸಿಗೆ ಮೊನ್ನೆಯೇ ಕುದಿಸಿದ್ದು. ಈ ಮನುಷ್ಯ ತಿಂಗಳಿಂದ ದೊಡ್ಡಿಯ ಕಡೆ ಹೋಗಿಲ್ಲ. ಒಂದೊಂದನ್ನೇ ತಳ್ಳಿಹಾಕುತ್ತಾ ಬಂದವಳ ಕಣ್ಣು ಕೊನೆಗೆ ಕಂಬಳಿಯ ಮೇಲೆ ನಿಂತಿತು.

ಎಳೆದುಕೊಂಡು ಅಂಗಳಕ್ಕೆ ಹೋಗಿ ಬಿಸಿಲಿಗೆ ಹಾಕಿದಳು. ಮೇಲೆ ಏನೂ ಕಾಣಲಿಲ್ಲ. ಆದರೆ ಕಂಬಳಿಯೆಂದರೆ ಎರಡು ಪಟ್ಟಿ ನೇಯ್ದು ನಡುವೆ ಸೇರಿಸಿ ಹೊಲಿದದ್ದು. ಹನಮಪ್ಪನದಕ್ಕೆ ಮಳೆಯಲ್ಲಿ ತಲೆಗೆ ಹಾಕಿಕೊಳ್ಳಲು ಒಂದು ಮೂಲೆಯನ್ನು ಮಡಿಚಿ ಕೊಪ್ಪೆಯೂ ಹೊಲಿದಿತ್ತು. ಕುಡುಗೋಲಿನ ತುದಿಯಿಂದ ಕೊಪ್ಪೆಯ ಹೊಲಿಗೆ ಬಿಚ್ಚಿದಳು.

ಒಳಗೆ ಸಂಸಾರವೇ ಇತ್ತು. ದೊಡ್ಡವು, ಸಣ್ಣವು, ಒಣಗಿದ ಸಿಪ್ಪೆಗಳು, ಸಾಸಿವೆಯಂಥ ತತ್ತಿಗಳ ಅಂಟು ಮುದ್ದೆ. ಬೆಳಕು ಬಿದ್ದೊಡನೆ ಕಾಲು ಬಿಚ್ಚಿ ನಿಧಾನವಾಗಿ ಮಡಿಕೆಯ ಆಳಕ್ಕೆ ಸರಿಯತೊಡಗಿದವು. ನಡುವಿನ ಹೊಲಿಗೆಯ ಉದ್ದಕ್ಕೂ ಮಣಿ ಪೋಣಿಸಿದಂತೆ ಕೂತಿದ್ದವು. ಹುಲಿಗವ್ವ ಅಂಗಳದಲ್ಲೇ ಕಾರಿಕೊಂಡಳು, ಬಾಯಿ ತೊಳೆದು ಬಂದು ನೋಡಿ ಮತ್ತೆ ಕಾರಿಕೊಂಡಳು. ಡಬ್ಬಿಗೆ ಬೀಳದೆ ಉರುಳಿದವುಗಳೆಲ್ಲ ಎಲ್ಲಿಗೆ ಹೋಗುತ್ತಿದ್ದವು ಎಂದು ಇಷ್ಟು ವರ್ಷ ಕೇಳಿಕೊಂಡಿರಲಿಲ್ಲ. ತಾನು ಕುಳಿತ ಕಂಬಳಿಗೇ ಹೋಗುತ್ತಿದ್ದವು. ಕುರಿಯ ಮೈಯಿಂದ ತನ್ನ ಕೈಯಾರೆ ಬಿಡಿಸಿ, ಗಂಡನ ಹೊದಿಕೆಯಲ್ಲಿ ಬಿತ್ತಿ, ಸಂಜೆ ಅದನ್ನು ಅವನ ಮೈಮೇಲೆ ಒತ್ತಿ ಒತ್ತಿ ಮುಚ್ಚಿದವಳು ತಾನೇ. ಉಣ್ಣಿಯ ಮೇಲಿದ್ದ ಹೇಸಿಗೆಯೆಲ್ಲ ತಿರುಗಿ ತನ್ನ ಕೈಗಳ ಮೇಲೆ ಬಂತು. ಸೀಗೆಪುಡಿ ಹಾಕಿ ತಿಕ್ಕಿದಳು. ಹೋಗಲಿಲ್ಲ.

ಬಸವಣ್ಣೆಮ್ಮ ಕೋಲೂರಿಕೊಂಡು ಬಂದು ಬಗ್ಗಿ ನೋಡಿದಳು. ಮೈಲಿಗೆಯ ಮಾತು ಎತ್ತಲಿಲ್ಲ. ಹಿತ್ತಲಿಗೆ ಹೋಗಿ ಹಂಡೆಯ ಒಲೆಗೆ ಕಟ್ಟಿಗೆ ಒಟ್ಟತೊಡಗಿದಳು.

ಹನಮಪ್ಪ ಹೊಸ್ತಿಲಿಗೆ ಒರಗಿ ಕೂತು ಇದೆಲ್ಲವನ್ನೂ ನೋಡುತ್ತಿದ್ದ. ಹುಲಿಗವ್ವ ಅವನ ಕಡೆ ತಿರುಗಿದಾಗ ಅವನ ಮುಖದಲ್ಲಿ ಆಶ್ಚರ್ಯವಿರಲಿಲ್ಲ. ಕಳ್ಳತನದಲ್ಲಿ ಸಿಕ್ಕಿಬಿದ್ದವನಂತೆ ಕಣ್ಣು ಕೆಳಗೆ ಹಾಕಿದ್ದ.

"ನಿಮಗ ಗೊತ್ತಿತ್ತೇನ್ರಿ?"

"ಗೊತ್ತಿತ್ತು."

ಆಮೇಲೆ ಅವನು ತಡೆತಡೆದು ಹೇಳಿದ್ದು ಇಷ್ಟು. ದಿನಾ ಸಂಜೆ ಊರ ಹೊರಗಿನ ಬನ್ನಿಗಿಡದ ಮರೆಯಲ್ಲಿ ನಿಂತು, ಅಂಗಿ ಧೋತರ ಬಿಚ್ಚಿ, ಮೈಯೆಲ್ಲ ತಡವಿ ಉಣ್ಣಿ ಕಿತ್ತೆಸೆದೇ ಮನೆಗೆ ಬರುತ್ತಿದ್ದ. ಬೆರಳಿಗೆ ಸಿಗದ್ದನ್ನು ಬೀಡಿಯ ಕೆಂಡದಿಂದ ಸುಡುತ್ತಿದ್ದ. ಕಣ್ಣಿಗೆ ಕಾಣದ ಕಡೆ ಉಳಿದವು ಉಳಿಯುತ್ತಿದ್ದವು. ಹದಿನೇಳು ವರ್ಷ ಹೀಗೇ. ಕಂಬಳಿಯಿಂದ ಮೈಗೆ ಹತ್ತಿದ್ದನ್ನೂ ಹೀಗೇ ಕದ್ದು ಕಿತ್ತುಕೊಳ್ಳುತ್ತಿದ್ದ. ಶ್ರಾವಣದಲ್ಲಿ ತೊಡೆಯ ಹಿಂದೆ ಕೆಂಪಗೆ ಎದ್ದಾಗಲೂ ಧೋತರ ಇಳಿಬಿಟ್ಟು ಉಟ್ಟು ಮುಚ್ಚಿಕೊಂಡ. ಆ ದಿನ ಡಾಕ್ಟರಿಗೆ ಇಲ್ಲವೆಂದದ್ದೂ ಅದಕ್ಕೇ.

"ಯಾಕ ಹೇಳಲಿಲ್ರಿ ನನ್ನ ಮುಂದ?"

ಹನಮಪ್ಪ ಸೊಟ್ಟ ಬಾಯಿಯನ್ನು ಕೈಯಿಂದ ಮುಚ್ಚಿಕೊಂಡು ಮಾತಾಡಿದ.

"ಲಗ್ನ ಆದ ಹೊಸದಾಗಿ ನನ್ನ ಕುತಗ್ಯಾಗ ಉಣ್ಣಿ ನೋಡಿ ನೀ ಒಂದ್ ಮಾರಿ ಮಾಡಿದ್ದಿ. ಆ ಮಾರಿ ಮತ್ತ ನೋಡಬಾರದು ಅಂತ."

ಅವನ ಕುತ್ತಿಗೆಯಲ್ಲಿ ಬೆಳಗಿನ ಉಣ್ಣಿ ಇನ್ನೂ ಹಾಗೇ ಇತ್ತು. ಹುಲಿಗವ್ವ ಬಾಟಲಿ ತಂದು ಅವನ ಪಕ್ಕ ಕುಳಿತಳು. ಬೆರಳಿಗೆ ಬಟ್ಟೆ ಸುತ್ತಿಕೊಳ್ಳಲಿಲ್ಲ. ತುಟಿ ಕಚ್ಚಿ ಹಿಡಿದು, ಮುಖದ ಒಂದು ಗೆರೆಯೂ ಅಲುಗದಂತೆ ನೋಡಿಕೊಂಡು, ಬರಿಗೈಯಿಂದ ಅದನ್ನು ಬಿಡಿಸಿ ಬಾಟಲಿಗೆ ಹಾಕಿದಳು. ಆಮೇಲೆ ಕಂಬಳಿಯವನ್ನೂ ಹಾಕಿದಳು. ಹಸಿ ಹುಲ್ಲಿನ ಎಳೆ ಇಟ್ಟು ಬಾಯಿಗೆ ಅರಿವೆ ಕಟ್ಟಿದಳು.

ಯಲಬುರ್ಗಾದ ಬ‌ಸ್ಸಿನಲ್ಲಿ ಬಾಟಲಿ ಅವಳ ಸೊಂಟದ ಚೀಲದಲ್ಲಿತ್ತು. ದಾರಿಯುದ್ದಕ್ಕೂ ಅವು ಗಾಜಿನ ಮೇಲೆ ಹತ್ತಿ ಜಾರುತ್ತಿರುವುದು ತನ್ನ ಚರ್ಮಕ್ಕೇ ತಿಳಿಯುತ್ತಿದೆ ಅನ್ನಿಸುತ್ತಿತ್ತು. ಪಕ್ಕದಲ್ಲಿ ಹನಮಪ್ಪ, ಸಣ್ಣಪ್ಪನ ಹೆಗಲಿಗೆ ಒರಗಿ. ಅಮೃತಾ ಬಾಟಲಿಯನ್ನು ಬೆಳಕಿಗೆ ಹಿಡಿದು ಬಂಗಾರ ಸಿಕ್ಕವಳಂತೆ ನಕ್ಕಳು. ಎಲ್ಲಿ ಸಿಕ್ಕವು ಎಂದು ಕೇಳಿದಳು. ಕುರಿಯ ಮೈಯಲ್ಲಿ ಎಂದು ಹೇಳಿದ್ದರೆ ಯಾರು ಬೇಡ ಅನ್ನುತ್ತಿದ್ದರು? ಹುಲಿಗವ್ವ ನಮ್ಮ ಕಂಬಳಿಯಲ್ಲಿ ಎಂದಳು. ಮಾತು ಬಾಯಿಂದ ಹೊರಡುವಾಗ ಉಗುಳಿದಂತೆಯೇ ಹೊರಟಿತು. ಅಮೃತಾ ಮತ್ತೆ ಹನಮಪ್ಪನ ಕಡೆ ತಿರುಗಿ ಹಳೆಯ ಪ್ರಶ್ನೆಯನ್ನೇ ಕೇಳಿದಳು. ಅವನು ಈ ಸಲವೂ ಹೆಂಡತಿಯ ಮುಖ ನೋಡಿದ. ಆ ಮುಖ ಕಲ್ಲಿನಂತೆ ನಿಂತಿತ್ತು.

"ಹೌದ್ರಿ, ಎದ್ದಿತ್ತು. ತೊಡಿ ಹಿಂದ, ಅಂಗೈಯಷ್ಟ."

ಮಾತ್ರೆ ಅವತ್ತೇ ಶುರುವಾಯಿತು. ಒಂದು ಉಣ್ಣಿಯ ಹೊಟ್ಟೆಯ ರಸ ತೆಗೆದು ಅಮೃತಾ ಸೂಕ್ಷ್ಮದರ್ಶಕದ ಕೆಳಗಿಟ್ಟು ಹುಲಿಗವ್ವನನ್ನು ನೋಡಲು ಕರೆದಳು. ಕತ್ತಲಲ್ಲಿ ಬೆಳ್ಳಿ ಎಳೆಯಂಥವು ಒಂದೆರಡು ತಿರುಚಿಕೊಂಡು ಒದ್ದಾಡುತ್ತಿದ್ದವು. ಥೂ ಎಂದು ಆಕೆ ಸೆರಗಿನಿಂದ ಬಾಯಿ ಒರೆಸಿಕೊಂಡಳು. ಇವು ಆ ಲೈಮ್ ಊರಿನವೇ ಅಥವಾ ಅವುಗಳ ಬೀಗರೇ ಎಂಬುದು ದೊಡ್ಡ ಲ್ಯಾಬಿಗೆ ಹೋಗಿ ತೀರ್ಮಾನವಾಗಬೇಕು ಎಂದಳು ಅಮೃತಾ. ವರ್ಷ ಕಳೆದರೂ ಅದು ಇತ್ಯರ್ಥವಾಗಲಿಲ್ಲ. ಅದೇ ಜಾತಿಯದು, ಅದೇ ಹೌದೆಂದು ಹೇಳಲಾಗದು ಎಂದು ಉತ್ತರ ಬಂದಿತಂತೆ. ಹುಡುಗಿ ಇನ್ನೂ ಊರೂರು ಅಲೆಯುತ್ತಿದ್ದಾಳೆ. ಈಗ ಮೊದಲು ಕಂಬಳಿಯ ಹೊಲಿಗೆ ಬಿಚ್ಚಿಸಿ ನೋಡುತ್ತಾಳೆ.

ಹನಮಪ್ಪನ ಮೊಣಕಾಲಿನ ಬಾವು ಇಳಿಯಿತು. ಶಿವರಾತ್ರಿಯ ಹೊತ್ತಿಗೆ ಅವನು ಹಿಂಡಿನ ಹಿಂದೆ ನಡೆದ. ಎಡ ರೆಪ್ಪೆ ಮಾತ್ರ ಇನ್ನೂ ಒಂದು ಗಳಿಗೆ ತಡವಾಗಿ ಮುಚ್ಚುತ್ತದೆ. ಹಂಡೆಯಲ್ಲಿ ಕುದ್ದ ಕಂಬಳಿ ಕುಗ್ಗಿ ಮೊಣಕಾಲಿನ ತನಕವೂ ಬರುವುದಿಲ್ಲ, ಅದನ್ನೇ ಹೆಗಲಿಗೆ ಹಾಕಿಕೊಂಡು ಹೋಗುತ್ತಾನೆ.

ಬನ್ನಿಗಿಡದ ಹತ್ತಿರ ಈಗ ನಿಲ್ಲುವುದಿಲ್ಲ. ನೇರ ಮನೆಗೆ ಬಂದು ಅಂಗಳದಲ್ಲಿ ಅಂಗಿ ಬಿಚ್ಚಿ ನಿಲ್ಲುತ್ತಾನೆ. ಹುಲಿಗವ್ವ ಕುತ್ತಿಗೆ, ಬಗಲು, ಬೆನ್ನು, ತೊಡೆಯ ಹಿಂಭಾಗ ಒಂದೊಂದಾಗಿ ಬೆರಳಾಡಿಸಿ ನೋಡುತ್ತಾಳೆ. ಹೇಸಿಗೆ ಹೋಗಿದೆಯೇ? ಎಲ್ಲಿಂದ ಹೋಗಬೇಕು. ಒಂದು ಕೈಗೆ ಸಿಕ್ಕಿತೆಂದರೆ ಇಂದಿಗೂ ಅವಳ ತುಟಿ ಕೊಂಕುತ್ತದೆ, ಮೂಗು ಸೊಟ್ಟಗಾಗುತ್ತದೆ, ಆ ಹಳೆಯ ಮುಖವೇ ಮೂಡುತ್ತದೆ. ಅದಕ್ಕೇ ಹುಡುಕಲು ಶುರು ಮಾಡುವ ಮೊದಲು ಅವನಿಗೆ ಹೇಳಿರುತ್ತಾಳೆ.

"ಆ ಕಡಿ ಮಾರಿ ಮಾಡಿ ನಿಂದರ್ರಿ."

ಹನಮಪ್ಪ ಗೋಡೆಯ ಕಡೆ ತಿರುಗಿ ನಿಲ್ಲುತ್ತಾನೆ.